ತಂಗಿ ಹಾಲಿನ ಕ್ಯಾನ್ ಉರುಳಿಸಿದ್ದು

ಈ ವಯಸ್ಸಲ್ಲಿ ನಾನು ಬಿ.ಎಡ್. ಮೊದಲ ವರ್ಷ. ಇವತ್ತು ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ ಒಬ್ಬ ಹುಡುಗ ನನ್ನ ಚಾರ್ಟನ್ನು ಹರಿದು ಹಾಕಿದ. ಚೂರುಗಳನ್ನು ಆಯುವಾಗ ನೆನಪಾದದ್ದು ತಂಗಿ ಸವಿತಾ.

ಅವಳು ಚಿಕ್ಕವಳಿದ್ದಾಗ ನಾನು ಹಾಸ್ಟೆಲ್‌ನಲ್ಲಿ ಓದುತ್ತಿದ್ದೆ, ಮನೆಗೆ ಫೋನಿಲ್ಲದ ಕಾಲ. ರಜೆ ಮುಗಿದಾಗ ಸವಿತಾ ಅಳ್ತಾಳೆ ಅಂತ, ಅವಳು ಮಲಗಿರುವಾಗಲೇ ಅಪ್ಪ ನನ್ನನ್ನು ಅರಕೆರೆಯ ಮೊದಲ ಬಸ್ಸಿಗೆ ಹತ್ತಿಸುತ್ತಿದ್ದರು. ಹೊರಡುವ ದಿನ ಹತ್ತಿರ ಬಂದಂತೆ ಅವಳು ಏನಾದರೂ ಒಡೆಯುತ್ತಿದ್ದಳು. ಒಮ್ಮೆ ನಾನು ಹೊರಡುವ ಹಿಂದಿನ ಸಂಜೆ ಡೇರಿಗೆ ಹಾಕಬೇಕಿದ್ದ ಹಾಲಿನ ಕ್ಯಾನನ್ನೇ ಉರುಳಿಸಿದಳು. ಅಪ್ಪ ಕೋಲೆತ್ತಿದರು.

ಅಜ್ಜಿ ಅಡ್ಡ ಬಂದಳು. "ಸುಮ್ಕಿರ್ಲಾ. ಅಕ್ಕನ್ನ ಕಳ್ಳರಂಗೆ ಕರ್ಕೊಂಡೋಗೋನು ನೀನು, ಏಟು ಮಗೀಗಾ? ಕಣ್ಣು ಬುಟ್ರೆ ಅಕ್ಕ ಇರಾಕಿಲ್ಲ. ಅದುಕ್ಕೆ ನಿದ್ದೆ ಅಂದ್ರೇನೇ ಭಯ ಕಣ್ಲಾ. ಆ ಭಯಕ್ಕೇ ಇಂಗೆಲ್ಲ ಒಡೀತದೆ."

"ಅದು ಎದ್ರೆ ಅಕ್ಕನ್ನ ಬಸ್ಸು ಹತ್ತಾಕ್ ಬುಡಾಕಿಲ್ಲ ಕಣವ್ವ," ಅಂದರು ಅಪ್ಪ.

"ಅಳ್ಲಿ ಬುಡು. ಗೊತ್ತಿದ್ದು ಅಳ್ಲಿ."

ಬೆಳಿಗ್ಗೆ ಅಜ್ಜಿಯೇ ಅವಳನ್ನು ಎಬ್ಬಿಸಿ ಬಸ್‌ಸ್ಟಾಪಿಗೆ ಕರೆತಂದಳು. ಸವಿತಾ ಬಿಕ್ಕುತ್ತಲೇ ನನ್ನ ಬ್ಯಾಗನ್ನು ಬಸ್ಸಿನೊಳಗೆ ತಳ್ಳಿ, "ಯಾವಾಗ ಬತ್ತೀಯಾ?" ಅಂದಳು. ದೀಪಾವಳಿಗೆ ಅಂದೆ. ಆ ದೀಪಾವಳಿ ರಜೆಯಲ್ಲಿ ಮನೆಯಲ್ಲಿ ಒಂದು ಲೋಟವೂ ಒಡೆಯಲಿಲ್ಲ.

ಥ್ಯಾಂಕ್ಸ್ ಅಜ್ಜಿ. ಸೈಕಾಲಜಿ ಪೇಪರ್ ಅಂದ್ರೆ ಇನ್ನೂ ಟೆನ್ಷನ್ನೇ. ಆದರೆ ನಾಳೆ ಆ ಹುಡುಗನ ಪಕ್ಕ ಕೂತು, ಮನೇಲಿ ಏನಾಯ್ತಪ್ಪಾ ಅಂತ ಕೇಳೋಕೆ ನನಗೆ ಭಯವಿಲ್ಲ.