ನೀರಲ್ಲಿಟ್ಟು ಬಂದ ಕಲ್ಲು

ನಮ್ಮ ದೊಡ್ಡಮ್ಮನಿಗೆ ಮನೆಯವರಿಟ್ಟ ಹೆಸರು ಬುರುಡೆರಾಣಿ. ಹರೆಯದಲ್ಲಿ ಗುಡ್ಡದ ಮೇಲಿನ ಸ್ಲೇಟು ಗಣಿಯಲ್ಲಿ ಕಲ್ಲು ಸೀಳುತ್ತಿದ್ದಳಂತೆ. ಅವಳ ಕೈಯಿಂದ ಬಂದ ಹಲಗೆ ರಟ್ಟಿನಷ್ಟು ತೆಳ್ಳಗಿರುತ್ತಿತ್ತಂತೆ. ಈ ಮಾತು ಶುರುವಾದರೆ ಸಾಕು, ದೊಡ್ಡಪ್ಪ ಟಿವಿ ಸದ್ದು ಏರಿಸುತ್ತಿದ್ದರು. ಕೇಳಿ ನಕ್ಕವರೇ ಎಲ್ಲ, ಕಣ್ಣಾರೆ ಕಂಡವರು ಯಾರೂ ಇಲ್ಲ.

ಗಣಿಯ ಕೊನೆಯ ವಾರ ಒಳ್ಳೆಯ ಕಲ್ಲೊಂದನ್ನು ಶೆಡ್ಡಿನ ಹಿಂದಿನ ಹೊಂಡದಲ್ಲಿ ಮುಳುಗಿಸಿ ಬಂದಿದ್ದಳು. ಸ್ಲೇಟು ಒಣಗಿದರೆ ಮೊಂಡು ಹಿಡಿಯುತ್ತದೆ, ಸೀಳಲು ಬಗ್ಗುವುದಿಲ್ಲ. ಸೋಮವಾರ ಬಂದು ಸೀಳಿದರಾಯಿತು ಅಂದುಕೊಂಡಿದ್ದಳು. ಸೋಮವಾರ ಗೇಟಿಗೆ ಬೀಗ, ಗಣಿಯೇ ಮುಚ್ಚಿತ್ತು. ಆಮೇಲೆ ಮದುವೆ, ಮಕ್ಕಳು, ಹೊಲಿಗೆ ಅಂಗಡಿ. ಮೊನ್ನೆ ಗಣಿಯ ಬೇಲಿ ಕಿತ್ತು ಗುಡ್ಡಕ್ಕೆ ಕಾಲುದಾರಿ ಬಿಟ್ಟರೆಂದು ತಿಳಿದದ್ದೇ ತಡ, ಉಳಿ, ಮರದ ಸುತ್ತಿಗೆ ಚೀಲಕ್ಕೆ ತುರುಕಿ ನನ್ನನ್ನೆಬ್ಬಿಸಿದಳು.

"ಏಳೇ! ಇವತ್ತು ಎಲ್ಲರ ಬಾಯಿ ಮುಚ್ಚಿಸ್ತೀನಿ."

ಮಂಡಿನೋವೆಂದು ಮೆಟ್ಟಿಲು ಹತ್ತದ ಹೆಂಗಸು ಅಂದು ಎಲ್ಲಿ ಹೋಗಿದ್ದಳೋ! ತುಕ್ಕು ಹಿಡಿದ ಹಳಿ, ಸೂರು ಹಾರಿದ ಶೆಡ್ಡುಗಳು, ಕಾಲಡಿ ಜಾರುವ ಕಲ್ಲುಚೂರಿನ ರಾಶಿ. "ಇಲ್ಲಿ ಊಟ ಮಾಡ್ತಿದ್ವಿ. ಇಲ್ಲಿ ಮೇಸ್ತ್ರಿ ನನ್ನ ಬೈದ. ಇಲ್ಲಿ ನಾನು ಮೇಸ್ತ್ರಿನ ಬೈದೆ!" ನನಗೆ ಏದುಸಿರು, ಅವಳಿಗೆ ಮಾತು.

ಹೊಂಡದಲ್ಲಿ ನೀರಿತ್ತು. ತೋಳೇರಿಸಿ, ಇಳಿದು ತಡಕಾಡಿದಳು. ಸಿಗದಿದ್ದರೆ ಇವಳು ಸಾಯುವವರೆಗೂ ಬುರುಡೆರಾಣಿಯೇ ಅಲ್ಲವೇ ಎಂದು ನಾನೂ ಅಂಚಿಗೆ ಬಂದು ಬಗ್ಗಿ ನೋಡಿದೆ.

"ಸಿಕ್ತು ಕಣೇ!"

ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ಮೊದಲ ಏಟಿಗೆ ಬರೀ ಚಕ್ಕೆ ಹಾರಿತು. ಅವಳ ಮುಖ ಸಪ್ಪಗಾಯಿತು. "ಕೈ ಮರ್ತುಬಿಡ್ತಾ?" ಎಂದು ಅಂಗೈ ನೋಡಿಕೊಂಡಳು. ಆಮೇಲೆ ಕನ್ನಡಕ ತೆಗೆದು ನನಗೆ ಕೊಟ್ಟು, ಕಣ್ಣು ಮುಚ್ಚಿ ಕಲ್ಲಿನ ಅಂಚಿನ ಮೇಲೆ ಬೆರಳಾಡಿಸಿದಳು. ಉಳಿಯನ್ನು ಕೂದಲೆಳೆಯಷ್ಟು ಸರಿಸಿ ಮೆಲ್ಲಗೆ ತಟ್ಟಿದಳು. ಕಲ್ಲು ಟಪ್ಪೆಂದು ಬಾಯಿಬಿಟ್ಟಿತು. ಇನ್ನೊಂದು ಕಡೆ ತಟ್ಟಿದಳು. ನನ್ನ ಕೈಗೆ ಬಂದ ಹಲಗೆ ರಟ್ಟಿನಷ್ಟೇ ತೆಳ್ಳಗಿತ್ತು. ಖುಷಿ ತಡೆಯಲಾರದೆ ಹುಚ್ಚಿಯಂತೆ ಕುಣಿದೆ.

"ಕುಣಿದಿದ್ದು ಸಾಕು," ಎಂದಳು ಕಣ್ಣೊರೆಸಿಕೊಳ್ಳುತ್ತ. "ಅದನ್ನ ನಿಮ್ಮ ದೊಡ್ಡಪ್ಪನ ಟಿವಿ ಮುಂದೆ ಇಡು. ಈಗ ಉಳಿದಿದ್ದಕ್ಕೆ ಕೈ ಹಾಕು, ವಾಪಸ್ ನೀರಿಗೆ ಬಿಡೋಣ."

"ಯಾಕೆ ದೊಡ್ಡಮ್ಮ?"

"ಒಣಗಿಹೋಗುತ್ತಲ್ಲೇ. ಸೋಮವಾರ ಬಂದು ಸೀಳೋಣ."