ಯುರೇನಸ್ಸಿನ ಅಂಚಿನ ಬಿಳಿ ಚುಕ್ಕೆ

ಗ್ರೀಟ್ ಕ್ಲಾಸ್ತೆಯ ಮುತ್ತಜ್ಜ ಕಿವೀತ್ ಕರೂ ಎಂಬ ಈ ಒಣ ಬಯಲಿನಲ್ಲಿ ಬಾವಿ ತೋಡಿದವನು. ಜಮೀನು ಕೊಳ್ಳಲು ಬಂದವರಿಗೆ ಒಣಹೊಂಡ ತೋರಿಸಿ ನೀರಿದೆ ಅನ್ನು ಎಂದು ದಣಿ ಚಾಟಿ ಎತ್ತಿದರೂ ಅವನು ಹೂಂ ಅನ್ನಲಿಲ್ಲ. ಅವನ ಮಗ ಫ್ಲೋರಿಸ್ ನಿಲ್ಲಿಸಿದ ಗಾಳಿಯಂತ್ರಗಳು ಇಂದಿಗೂ ನಮ್ಮ ಕುರಿಗಳಿಗೆ ನೀರೆತ್ತುತ್ತಿವೆ. ಆ ಯಂತ್ರಗಳನ್ನು ರಿಪೇರಿ ಮಾಡುವ ಗ್ರೀಟ್, ಗಾಜನ್ನು ಕೈಯಾರೆ ಉಜ್ಜಿ ಕನ್ನಡಿ ಮಾಡಿ, ಹಳೆ ಕಾರಿನ ವೈಪರ್ ಮೋಟಾರು ಕೂಡಿಸಿ ದೂರದರ್ಶಕ ಕಟ್ಟಿಕೊಂಡವಳು.

ಅದರಲ್ಲಿ ತೆಗೆದ ಯುರೇನಸ್ ಚಿತ್ರದ ಮೇಲಂಚಿನಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು. ಪಟ್ಟಣದ ನಕ್ಷತ್ರ ಸಂಘದವರು, ಅದು ಕ್ಯಾಮೆರಾದೊಳಗಿನ ದೂಳಿರಬೇಕು ಎಂದುಬಿಟ್ಟರು. ಕ್ಯಾಮೆರಾ ತಿರುಗಿಸಿ ಮತ್ತೆ ತೆಗೆದು ನೋಡು ಎಂದರು. ಚುಕ್ಕೆ ಮೇಲಂಚಿನಲ್ಲೇ ನಿಂತರೆ ದೂಳು, ಜಾಗ ಬಿಟ್ಟರೆ ಗ್ರಹದ್ದು. ಗ್ರಹವೋ ಸಂಜೆಸಂಜೆಗೂ ಕೆಳಗಿಳಿದು ಸೂರ್ಯನ ಬೆಳಕಿಗೆ ಸೇರುತ್ತಿತ್ತು. ಪಡುವಣದಿಂದ ಮೋಡ ಬೇರೆ ಏರುತ್ತಿತ್ತು. ಇಂದು ತಪ್ಪಿದರೆ ಅವಳ ಮಾತು ದೂಳಿನ ಮಾತಾಗಿಯೇ ಉಳಿಯುತ್ತಿತ್ತು.

ಕತ್ತಲಾಗುತ್ತಲೇ ಗ್ರೀಟ್ ದೂರದರ್ಶಕದಲ್ಲಿ ಗ್ರಹ ಹಿಡಿದಳು. ಗ್ರಹದ ಹಸಿರು ಬಿಲ್ಲೆ ಇದ್ದಕ್ಕಿದ್ದಂತೆ ನಡುಗತೊಡಗಿತು.

“ಯಾವನೋ ಬೆಂಕಿ ಹಾಕಿದ್ದು?”

“ನಾನೇ ಅಕ್ಕ,” ಎಂದ ಚಿಕ್ಕಪ್ಪನ ಮಗ ಆಪೂಲ್ಸ್. “ಕುರಿ ಪಕ್ಕೆಲುಬು ತಂದಿದೀನಿ. ಬಯಲಲ್ಲಿ ಇಬ್ಬರು ಕೂತು ಬೆಂಕಿ ಇಲ್ಲ ಅಂದ್ರೆ ಜನ ಏನಂತಾರೆ?”

“ಜನ ಹಾಳಾಗ್ಲಿ! ಬಿಸಿಗಾಳಿಗೆ ಗ್ರಹ ಹಾಲುಕ್ಕಿದ ಹಾಗೆ ಕುದೀತಿದೆ. ಆರಿಸೋ!”

ಅವನು ಗಾಬರಿಬಿದ್ದು ಬಕೆಟ್ ನೀರನ್ನೇ ಸುರಿದ. ಭುಸ್ಸೆಂದು ಎದ್ದ ಹಬೆ ನೇರ ಕನ್ನಡಿಯ ಮೇಲೆ ಕೂತಿತು.

“ಮುಠ್ಠಾಳ, ಮಣ್ಣು ಹಾಕ್ಬೇಕಿತ್ತು ಕಣೋ!”

“ಒರೆಸಿಬಿಡ್ಲಾ?”

“ಮುಟ್ಟಿದ್ರೆ ಕೈ ಮುರೀತೀನಿ.”

ಒರೆಸಿದರೆ ಬೆಳ್ಳಿಯ ಲೇಪ ಕಿತ್ತು ಬರುತ್ತದೆ. ತಾನಾಗಿ ಆರುವವರೆಗೆ ಕಾಯಬೇಕು. ಮೋಡ ಒಂದೊಂದೇ ನಕ್ಷತ್ರ ನುಂಗುತ್ತ ಬಂತು. ಗ್ರೀಟ್ ಉಸಿರನ್ನೂ ಕನ್ನಡಿಯ ಕಡೆ ಬಿಡದೆ ಮುಖ ತಿರುಗಿಸಿ ನಿಂತಳು. ಆಪೂಲ್ಸ್ ಟೊಪ್ಪಿಗೆ ಹಿಂಡುತ್ತ ಕೂತ. ಕೊನೆಗೆ ಕನ್ನಡಿಯ ಮಂಜು ಅಂಚಿನಿಂದ ಸರಿಯತೊಡಗಿತು; ಪೂರ್ತಿ ಆರುವಷ್ಟು ಹೊತ್ತಿರಲಿಲ್ಲ. ಅವಳು ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ಚಿತ್ರ ಹಿಡಿಯತೊಡಗಿದಳು. ಹಿಡಿಯುತ್ತಿರುವಾಗಲೇ ಮೋಡ ಗ್ರಹವನ್ನು ಮುಚ್ಚಿತು.

ಲ್ಯಾಪ್‌ಟಾಪು ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಿತು. ಚುಕ್ಕೆ ಮೇಲಂಚಿನಲ್ಲಿರಲಿಲ್ಲ. ಪಕ್ಕಕ್ಕೆ ಸರಿದಿತ್ತು. ದೂಳಲ್ಲ. ಆದರೆ ಹಬೆಯ ದೆಸೆಯಿಂದ ಎಲ್ಲ ಮಸುಕು. ನಂಬಲೊಲ್ಲದವನು ಇಲ್ಲವೆನ್ನಬಹುದಾದಷ್ಟು ಮಸುಕು.

“ನನ್ನಿಂದ್ಲೇ ಕೆಟ್ಟಿದ್ದು, ನಾನೇ ಸರಿ ಮಾಡಿಸ್ತೀನಿ,” ಎಂದ ಆಪೂಲ್ಸ್. “ನನ್ನ ಭಾವಮೈದ ಕಂಪ್ಯೂಟರಲ್ಲಿ ತಿದ್ದಿ ಕೊಡ್ತಾನೆ. ಮದುವೆ ಫೋಟೋದಲ್ಲಿ ನನ್ನ ಬೋಳು ತಲೇಲೇ ಕೂದಲು ಬರಿಸಿದಾನೆ! ಚುಕ್ಕೆ ಫಳಫಳ ಅನ್ನತ್ತೆ ನೋಡು.”

ಗ್ರೀಟ್ ಲ್ಯಾಪ್‌ಟಾಪನ್ನು ಎದೆಗವಚಿಕೊಂಡಳು.

“ಬೇಡಪ್ಪ. ಆ ಕೂದಲು ನಿನ್ನ ತಲೇಲೇ ಇರ್ಲಿ. ಕಿವೀತಜ್ಜ ಚಾಟಿಗೂ ಹೆದರ್ದೆ ಇಲ್ಲದ ನೀರು ತೋರಿಸ್ಲಿಲ್ಲ. ಸಂಘಕ್ಕೆ ನಂಗೆ ಕಂಡಷ್ಟನ್ನೇ ಕಳಿಸ್ತೀನಿ. ಯಾರ ಕೈಯೂ ಬೇಡ ಇದಕ್ಕೆ.”