ಹಗ್ಗ ಹಿಡಿದ ಮುದುಕಿ

"ನಾ ನಾನಲ್ಲಂತ ಹೇಳಾಕತ್ತೈತಿ ನೋಡ್ರಿ ಇದು!" ಎಂದು ಗುಣವತಿ ಫೋನನ್ನು ಗಂಡನ ಮೂಗಿನ ಹತ್ತಿರ ಹಿಡಿದರು.

ಸೋಮಣ್ಣ ಚಹಾದ ಕಪ್ಪು ಕೆಳಗಿಟ್ಟು ನೋಡಿದರು. ಪರದೆಯ ಮೇಲೆ ಹೆಂಡತಿಯ ಮುಖ, ಅದರ ಸುತ್ತ ಕೆಂಪು ಗೆರೆ, ಕೆಳಗೆ ಮುಖ ಹೊಂದುತ್ತಿಲ್ಲ ಎಂಬ ಸೂಚನೆ.

"ಒಮ್ಮೆ ಬಂದ್ ಮಾಡಿ ಚಾಲೂ ಮಾಡು," ಎಂದರು. ಮನೆಯ ಯಾವ ಯಂತ್ರ ಕೆಟ್ಟರೂ ಅವರು ಹೇಳುತ್ತಿದ್ದ ಔಷಧ ಅದೊಂದೇ.

ಗುಣವತಿ ಬಾಲಾನಗರದ ಒಂದು ಸರಕಾರಿ ಕಾರ್ಖಾನೆಯಲ್ಲಿ ಸಣ್ಣ ಸಣ್ಣ ತಂತಿಗಳಿಗೆ ಬೆಸುಗೆ ಹಾಕುವ ಕೆಲಸ ಮಾಡಿ ನಿವೃತ್ತರಾದವರು. ಊರು ರಾಯಚೂರಿನ ಕಡೆಯ ಮಾನ್ವಿ. ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ತೋರಿಸಬೇಕಲ್ಲ, ಈ ಸಲ ಅದನ್ನು ಮನೆಯಲ್ಲೇ ಕುಳಿತು ಮುಗಿಸುತ್ತೇನೆಂದು ಹೊರಟಿದ್ದರು. ಫೋನು ಒಪ್ಪಲಿಲ್ಲ. ಮರುದಿನ ಮುಖ್ಯರಸ್ತೆಯ ಅಂಗಡಿಗೆ ಹೋಗಿ ಬೆರಳು ಒತ್ತಿದರು. ಅದೂ ಒಪ್ಪಲಿಲ್ಲ. ಅಷ್ಟು ವರ್ಷ ಕಾದ ತಂತಿ ಹಿಡಿದ ಬೆರಳ ತುದಿಗಳಲ್ಲಿ ಗೆರೆಗಳೇ ಸವೆದಿದ್ದವು. ಅಂಗಡಿಯವನು ನಿಂಬೆರಸ ಹಚ್ಚಿ ತೊಳೆದುಕೊಂಡು ಬನ್ನಿ ಎಂದ. ಹಚ್ಚಿ ತೊಳೆದರು, ಬೆರಳು ಉರಿದದ್ದೇ ಬಂತು.

ಆ ಸಿಟ್ಟೆಲ್ಲ ಬೆಳಗಿನ ವ್ಯಾಯಾಮದಲ್ಲಿ ಹೋಗುತ್ತಿತ್ತು. ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಸೀರೆಯ ಕೆಳಗೆ ಕ್ರೀಡಾ ಬೂಟು ಹಾಕಿಕೊಂಡು ಪಾರ್ಕಿಗೆ ಹೋಗತೊಡಗಿದ್ದರು. ಅಲ್ಲಿ ನಿವೃತ್ತ ಟೀಚರಮ್ಮ ಒಬ್ಬರು "ಚೇತುಲು ಪೈಕಿ!" ಎಂದು ತೆಲುಗಿನಲ್ಲಿ ಕೂಗಿದೊಡನೆ ಎಲ್ಲ ಹೆಂಗಸರೂ ಕೈ ಮೇಲೆತ್ತಿ ಜೋರಾಗಿ ನಗಬೇಕು. ಮೊದಮೊದಲು ಗುಣವತಿಗೆ ನಾಚಿಕೆಯಾಗಿ ಬಾಯಿಗೆ ಸೆರಗು ಅಡ್ಡ ಬರುತ್ತಿತ್ತು. ಆ ವಾರ ಮಾತ್ರ ಫೋನನ್ನು ನೆನೆಸಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. ಮಧ್ಯಾಹ್ನ ಕೌದಿ ಹೊಲಿಯಲು ಕೂರುತ್ತಿದ್ದರು. ಹಳೆಯ ಸೀರೆಗಳ ಮೆತ್ತನೆ ತುಂಡುಗಳನ್ನು ಜೋಡಿಸಿ ಸಾಲುಹೊಲಿಗೆ ಹಾಕುವಾಗ ಬೆರಳಿಗೆ ತನ್ನ ಕೆಲಸ ನೆನಪಾಗುತ್ತಿತ್ತು, ಮನಸ್ಸು ತಣ್ಣಗಾಗುತ್ತಿತ್ತು.

ಶನಿವಾರ ಮೇಲಿನ ಮನೆಯ ನೇತ್ರಾ ಬಂದು ಕರೆದಳು. ಬಾಗಲಕೋಟೆಯ ಹುಡುಗಿ, ಮನಃಶಾಸ್ತ್ರ ಓದಿ ಶಾಲೆಯೊಂದರಲ್ಲಿ ಮಕ್ಕಳಿಗೆ ಸಲಹೆ ಹೇಳುವ ಕೆಲಸ ಮಾಡುತ್ತಿದ್ದಳು. ತಿಂಗಳಿಗೊಮ್ಮೆ ಅವಳ ಮನೆಯಲ್ಲಿ ಅಕ್ಕಪಕ್ಕದ ಕನ್ನಡದ ಹೆಂಗಸರು ಸೇರಿ ಚಿಕ್ಕಂದಿನಲ್ಲಿ ಕೇಳಿದ ಕಥೆ ಹೇಳುತ್ತಿದ್ದರು. ಹೇಳಿಯಾದ ಮೇಲೆ ನೇತ್ರಾ ಒಂದು ಪ್ರಶ್ನೆ ಕೇಳುವಳು.

"ಇವತ್ತು ನಿಮ್ದ ಸರತಿ, ಆಂಟಿ."

ಗುಣವತಿ ತಮ್ಮ ಅಜ್ಜಿಯ ಕಥೆ ಹೇಳಿದರು. ಒಬ್ಬ ರಾಜನ ಕಿರಿ ಸೊಸೆ. ಅವಳನ್ನು ಕಂಡರಾಗದ ಅತ್ತೆ ಕಾಡಿನ ಆಳದ ಬಾವಿಯಿಂದ ನೀರು ತಾ ಎಂದು ಅಟ್ಟುತ್ತಾಳೆ. ಮೇಲಿಂದ ಕೊಡ ಇಳಿಬಿಟ್ಟರೆ ಆ ಬಾವಿ ನೀರು ಕೊಡುವುದಿಲ್ಲ, ತಾನೇ ಇಳಿಯಬೇಕು. ಇಳಿಯಲು ಹಗ್ಗವಿದೆ, ಮೇಲೆ ಹಿಡಿಯುವವರಿಲ್ಲ. ಆಡು ಕಾಯುವ ಕುರುಡಿ ಮುದುಕಿಯೊಬ್ಬಳು ಬಂದು, 'ನೀ ಯಾರಂತ ನನಗ ಕಾಣೂದಿಲ್ಲ, ಇಳಿ ಮಗಳ, ಹಗ್ಗ ಹಿಡೀತೀನಿ' ಎನ್ನುತ್ತಾಳೆ. ಸೊಸೆ ಇಳಿದು ನೀರು ತರುತ್ತಾಳೆ. ಆ ನೀರಿನಿಂದ ಮಾವನ ಕಾಯಿಲೆ ವಾಸಿಯಾಗುತ್ತದೆ, ಅವಳು ಪಟ್ಟದ ರಾಣಿಯಾಗುತ್ತಾಳೆ.

"ಛಲೋ ಐತಿ," ಎಂದಳು ನೇತ್ರಾ. "ಇದರಾಗ ಯಾರು ನಿಮ್ಮ ಮನಸ್ಸು ಬಿಟ್ಟು ಹೋಗವಲ್ರು, ಆಂಟಿ? ಯೋಚನೆ ಮಾಡಬ್ಯಾಡ್ರಿ, ಥಟ್ಟನೆ ಹೇಳ್ರಿ."

"ಆ ಮುದುಕಿ," ಎಂದುಬಿಟ್ಟರು ಗುಣವತಿ. ಎಲ್ಲರೂ ಸೊಸೆಯ ಹೆಸರು ಬರುತ್ತದೆಂದು ಕಾದಿದ್ದರು. "ಕಥಿ ಮುಗಿದ ಮ್ಯಾಲೆ ಆಕಿ ಎಲ್ಲಿ ಹೋದ್ಲು? ನಮ್ಮಜ್ಜಿ ಹೇಳಲೇ ಇಲ್ಲ. ಸಣ್ಣಾಕಿದ್ದಾಗಿಂದ ಕೇಳಬೇಕನಿಸ್ತಿತ್ತು."

ನೇತ್ರಾ ಅವರ ಹತ್ತಿರ ಸರಿದು ಕುಳಿತಳು. "ಕಥಿ ಕೇಳುವಾಗ ನಾವೆಲ್ಲಾ ಸೊಸಿ ಆಗಿರ್ತೀವಿ, ಆಂಟಿ. ನೀರು ಸಿಕ್ಕ ಕೂಡಲೇ ಹಗ್ಗ ಹಿಡಿದಾಕಿ ಮರ್ತುಹೋಗತಾಳ. ನಿಮಗ ಆಕಿ ನೆನಪಾಗ್ಯಾಳಂದ್ರ, ನಿಮ್ಮ ಹಗ್ಗ ಹಿಡಿದವರು ಯಾರೋ ಇದ್ದಾರ."

ಗುಣವತಿಗೆ ಯಾರೆಂದು ಹುಡುಕಬೇಕಾಗಲಿಲ್ಲ.

ಮಗಳು ಭಾಗ್ಯಶ್ರೀ ಹುಟ್ಟಿದ ವರ್ಷ ಅವರು ಕೆಲಸ ಬಿಡಲು ಹೊರಟಿದ್ದರು. ಅತ್ತೆ ಊರಲ್ಲಿ, ತಾಯಿ ಇಲ್ಲ, ಸೋಮಣ್ಣನಿಗೆ ಪಾಳಿಯ ಕೆಲಸ, ಕೂಸನ್ನು ನೋಡುವವರಿಲ್ಲ. ರಾಜೀನಾಮೆ ಬರೆದುಕೊಂಡು ಹೋದ ದಿನ ಪಕ್ಕದ ಮೇಜಿನ ಪಾರ್ವತಿಬಾಯಿ ಅದನ್ನು ಕೈಯಿಂದ ಕಸಿದು ಹರಿದರು. ಬೀದರಿನವರು, ವಯಸ್ಸಿನಲ್ಲಿ ಹಿರಿಯರು, ಮಾತು ಕಡಿಮೆ. "ಕೂಸನ್ನ ನಮ್ಮ ಮನ್ಯಾಗ ಬಿಡು. ನಮ್ಮ ಅತ್ತಿ ಅದಾರ, ನೋಡ್ಕೋತಾರ," ಎಂದರು, ಅಷ್ಟೇ. ಭಾಗ್ಯಶ್ರೀ ಶಾಲೆಗೆ ಹೋಗುವವರೆಗೂ ಅವರ ಮನೆಯಲ್ಲಿ ಬೆಳೆದಳು. ನಿವೃತ್ತಿಯಾದ ಮೇಲೆ ಪಾರ್ವತಿಬಾಯಿ ದಿಲ್‌ಸುಖ್‌ನಗರದ ಮಗನ ಮನೆ ಸೇರಿದರು. ಈಗ ಹಬ್ಬಕ್ಕೊಂದು ಗುಲಾಬಿ ಹೂವಿನ ಚಿತ್ರ ಫೋನಿನಲ್ಲಿ ಹೋಗುತ್ತಿತ್ತು, ಬರುತ್ತಿತ್ತು.

ಭಾನುವಾರ ಗುಣವತಿ ಹೊಲಿದು ಮುಗಿಸಿದ ಕೌದಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿದರು.

ಬಾಗಿಲು ತೆರೆದ ಪಾರ್ವತಿಬಾಯಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಬೂಟ್ ಹಾಕೊಂಡು ಬಂದೀಯಲ್ಲ, ಓಡಿ ಬಂದ್ಯಾ?" ಎಂದರು. ಇಬ್ಬರೂ ನಕ್ಕರು. ಕೌದಿ ಬಿಚ್ಚಿ ಮಂಚದ ಮೇಲೆ ಹಾಸಿದಾಗ ಪಾರ್ವತಿಬಾಯಿ ಅಂಗೈಯಿಂದ ಸವರಿ ಸವರಿ ನೋಡಿದರು. ಪಿಂಚಣಿಯ ಗೋಳನ್ನು ಕೇಳಿ ಅವರ ಸೊಸೆ ರೇಣುಕಾ ಗುಣವತಿಯವರನ್ನು ಬೆಳಕು ಮುಖಕ್ಕೆ ಬೀಳುವಂತೆ ಕಿಟಕಿಗೆದುರು ಕೂರಿಸಿ, ಕನ್ನಡಕ ತೆಗೆಸಿ ಫೋನು ಹಿಡಿದಳು. ಕೆಂಪು ಗೆರೆ ಹಸಿರಾಯಿತು. "ನಮ್ಮತ್ತೀದೂ ಹಿಂಗ ಮಾಡೀನ್ರಿ," ಎಂದು ನಗುತ್ತ ಅವಳು ಚಹಾ ಮಾಡಲು ಒಳಗೆ ಹೋದಳು.

ಆಗ ಗುಣವತಿ ಬಂದ ಕಾರಣ ಹೇಳಿದರು.

"ಅಕ್ಕಾರ, ನೀವು ಅವತ್ತು ಆ ಕಾಗದ ಹರೀಲಿಲ್ಲಂದ್ರ ನನಗ ಕೆಲಸ ಇರ್ತಿರಲಿಲ್ಲ. ಮಗಳನ್ನ ಓದಿಸೂದು ಆಗ್ತಿರಲಿಲ್ಲ. ನಿಮಗ ಒಂದು ಮಾತು ಹೇಳಿಲ್ಲ ನಾನು. ಭಾಳ ಉಪಕಾರ ಆತ್ರಿ ಅಕ್ಕಾರ."

ಪಾರ್ವತಿಬಾಯಿ ಕೌದಿಯ ಅಂಚನ್ನು ಮಡಚುತ್ತ ಬಿಚ್ಚುತ್ತ ಕುಳಿತರು.

"ನಿನಗ ಗೊತ್ತಿಲ್ಲ," ಎಂದರು ಕೊನೆಗೆ. "ಅದಕ್ಕೂ ಮೊದಲ ಬ್ಯಾಸಗ್ಯಾಗ ನನ್ನ ಸಣ್ಣ ಮಗಳು ಜ್ವರ ಬಂದು ಹೋದ್ಲು. ಕಾರ್ಖಾನ್ಯಾಗ ಯಾರಿಗೂ ಹೇಳಿರಲಿಲ್ಲ, ಹೇಳಿದ್ರ ನಾ ಅಲ್ಲೇ ಬೀಳ್ತಿದ್ದೆ. ನಮ್ಮ ಅತ್ತಿ ಉಣ್ಣೂದ ಬಿಟ್ಟಿದ್ರು. ಗ್ವಾಡಿ ಕಡೆ ಮುಖ ಮಾಡಿ ಮಲಗತಿದ್ರು. ನಿನ್ನ ಕೂಸು ತಂದು ಅವರ ಮಗ್ಗಲಕ ಹಾಕಿದೆ. ಎದ್ದು ಕುಂತ್ರು. ಆಮೇಲೆ ಹತ್ತು ವರ್ಷ ಬದುಕಿದ್ರು ಅವರು, ಗುಣವತಿ. ಉಪಕಾರ ಯಾರು ಯಾರಿಗೆ ಮಾಡಿದ್ರೋ ನನಗಂತೂ ತಿಳೀವಲ್ತು."

ಇದ್ಯಾವುದೂ ಗುಣವತಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ಕುಳಿತು ಕೆಲಸ ಮಾಡಿದ್ದರು. ಪಾರ್ವತಿಬಾಯಿಯ ಕೈ ಹಿಡಿದುಕೊಂಡರು. ಆ ಬೆರಳ ತುದಿಗಳೂ ನುಣ್ಣಗಿದ್ದವು. ರೇಣುಕಾ ತಂದಿಟ್ಟ ಚಹಾ ಆರಿಹೋಯಿತು, ಅವಳು ಮತ್ತೊಮ್ಮೆ ಬಿಸಿ ಮಾಡಿ ತಂದಳು.

ಸಂಜೆ ಮೆಟ್ರೋದಲ್ಲಿ ಕುಳಿತೊಡನೆ ಉಪ್ಪಲ್‌ನಲ್ಲಿರುವ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರು.

"ಅವ್ವಾ," ಎಂದಳು ಮಗಳು, "ಆ ಅಜ್ಜಿ ನನಗ ಉಣಸೂದು ಸ್ವಲ್ಪ ನೆನಪೈತಿ. ನನಗೊಂದು ತುತ್ತು ಹಾಕಿ, ತಾವೊಂದು ತುತ್ತು ತಿಂತಿದ್ರು. ಅವರು ತಿನ್ನಲಿಲ್ಲಂದ್ರ ನಾ ಬಾಯಿ ತೆರೀತಿರಲಿಲ್ಲ."